ನೂರೆಂಟು ಅಡಿಯ ಆಕಾಶ

ಸಾಂಟಾ ಕ್ಲಾರಾದ ಗ್ರೇಟ್ ಅಮೆರಿಕ ಉದ್ಯಾನದ ಗೇಟು ದಾಟಿದರೆ ಮೊದಲು ಕಾಣುವುದು ಉದ್ದನೆಯ ಕೊಳ. ಅದರಾಚೆ ಎರಡಂತಸ್ತಿನ ಮೆರ್ರಿ ಗೋ ರೌಂಡ್. ಹೆಸರು ಕೊಲಂಬಿಯಾ. ಕುದುರೆಗಳು ಮೇಲಂತಸ್ತಿನಲ್ಲೂ ಕೆಳಗಿನ ಅಂತಸ್ತಿನಲ್ಲೂ ಸುತ್ತುತ್ತವೆ. ತಲೆಯ ಮೇಲೆ ಬಣ್ಣದ ಡೇರೆ, ಅದರ ತುದಿಗೆ ಬಾವುಟ. ನೆಲದಿಂದ ಆ ತುದಿಗೆ ಸುಮಾರು ನೂರಡಿ. ಮೂರು ವರ್ಷದ ಕೂಸುಗಳು ಅಪ್ಪನ ತೊಡೆಯ ಮೇಲೆ ಕುಳಿತು ಕೈಬೀಸುವ ರೈಡಿಗೆ ನೂರಡಿ. ಎದೆ ಗಟ್ಟಿಯಿರುವವರಿಗೆ ಮಾತ್ರ ಎಂದು ಬೋರ್ಡು ಹಾಕಿಕೊಂಡಿರುವ ರೋಲರ್ ಕೋಸ್ಟರ್‌ಗಳಿಗೂ ಹೆಚ್ಚುಕಡಿಮೆ ಅಷ್ಟೇ. 1993ರಲ್ಲಿ ಬಂದ ಫ್ಲೈಟ್ ಡೆಕ್ 102 ಅಡಿ, 2013ರ ಗೋಲ್ಡ್ ಸ್ಟ್ರೈಕರ್ 108 ಅಡಿ, 2018ರ ರೈಲ್‌ಬ್ಲೇಜರ್ 106 ಅಡಿ. ಕೊಳದ ಈ ದಡದಲ್ಲಿ ನಿಂತು ನೋಡಿದರೆ ಇವೆಲ್ಲದರ ನೆತ್ತಿಗೆ ಯಾರೋ ಮಟ್ಟಗೋಲು ಹಿಡಿದಂತಿದೆ.

ಬೇಸಿಗೆಯ ಭಾನುವಾರ. ಹನ್ನೊಂದು ಗಂಟೆಗೆಲ್ಲ ಡಾಂಬರು ಕಾಯುತ್ತದೆ. ಕರಿದ ಚುರೋಗಳ ಮೇಲೆ ಉದುರಿಸಿದ ದಾಲ್ಚಿನ್ನಿ ಸಕ್ಕರೆಯ ವಾಸನೆ, ಸನ್‌ಸ್ಕ್ರೀನಿನ ವಾಸನೆ, ಮರದ ಹಳಿಗೆ ಬಳಿದ ಗ್ರೀಸಿನ ವಾಸನೆ ಒಂದರ ಹಿಂದೆ ಒಂದು ಬಂದು ಹೋಗುತ್ತವೆ. ಕ್ಯೂನಲ್ಲಿ ಸ್ಪ್ಯಾನಿಷ್, ವಿಯೆಟ್ನಾಮೀಸ್, ಚೀನೀ, ತೆಲುಗು, ನಡುವೆ ಕನ್ನಡ. ಸಿಲಿಕಾನ್ ಕಣಿವೆಯಲ್ಲಿ ಕನ್ನಡ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಸನ್ನಿವೇಲ್, ಕ್ಯೂಪರ್ಟಿನೋ, ಫ್ರೀಮಾಂಟ್ ಕಡೆಯ ಮನೆಗಳಿಗೆ ಬೇಸಿಗೆ ಬಂತೆಂದರೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರಿನ ದೇವಸ್ಥಾನ ಮುಗಿದ ಮೇಲೆ ಮೊಮ್ಮಕ್ಕಳ ಹಟಕ್ಕೆ ಒಂದು ದಿನ ಇಲ್ಲಿಗೆ. ಗೋಲ್ಡ್ ಸ್ಟ್ರೈಕರಿನ ಸಾಲಿನಲ್ಲಿ ಅಂಥ ಒಬ್ಬ ತಾತ, ಈ ಬಿಸಿಲಿನಲ್ಲೂ ಅರ್ಧ ತೋಳಿನ ಸ್ವೆಟರ್ ತೊಟ್ಟು, ಕತ್ತೆತ್ತಿ ಮರದ ತೊಲೆಗಳ ಅಟ್ಟಣೆ ನೋಡುತ್ತಿದ್ದಾರೆ.

“ಇಷ್ಟೇನೇನೋ ಎತ್ತರ? ಅಮೆರಿಕದ್ದು ಅಂದ್ರೆ ಮೋಡ ಮುಟ್ಟತ್ತೆ ಅಂದ್ಕೊಂಡಿದ್ದೆ.”

“ನೂರೆಂಟು ಅಡಿ ಇದೆ, ತಾತ.”

“ನೂರೆಂಟಾ? ಸರಿ ಬಿಡು, ಒಳ್ಳೇ ಲೆಕ್ಕವೇ.”

ಸಾಲು ಎರಡು ಹೆಜ್ಜೆ ಮುಂದೆ ಸರಿಯುವಷ್ಟರಲ್ಲಿ ಆಕಾಶ ಗುಡುಗುತ್ತದೆ. ಗುಡುಗುತ್ತಿರುವುದು ಕೋಸ್ಟರ್ ಅಲ್ಲ. ಆಗ್ನೇಯದಿಂದ ಎದ್ದ ಒಂದು ವಿಮಾನ ಮೂತಿ ಮೇಲೆತ್ತಿ ಬರುತ್ತಿದೆ, ಬಾಲದ ಬಣ್ಣ ನೋಡಿ ಯಾವ ಕಂಪನಿಯದೆಂದು ಹುಡುಗರು ಹೇಳುವಷ್ಟು ಹತ್ತಿರದಲ್ಲಿ. ಅದರ ಸದ್ದು ಇಳಿಯುವ ಮೊದಲೇ ಮರದ ಹಳಿಯ ಮೇಲಿನ ಗಾಡಿ ತುದಿ ಮುಟ್ಟಿ ಕೆಳಗೆ ಬೀಳುತ್ತದೆ, ಇಪ್ಪತ್ತಿಪ್ಪತ್ತೈದು ಗಂಟಲುಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಒಂದು ನಿಮಿಷ ಯಾವುದು ಎಂಜಿನ್ನಿನ ಸದ್ದು, ಯಾವುದು ಮನುಷ್ಯರ ಸದ್ದು ಎಂದು ಬಿಡಿಸಿ ಹೇಳುವುದು ಕಷ್ಟ. ತಾತನ ಪ್ರಶ್ನೆಗೆ ಉತ್ತರ ಹಾರಿಹೋದದ್ದು ಆ ವಿಮಾನದಲ್ಲೇ.

ಸ್ಯಾನ್ ಹೋಸೆಯ ಮಿನೆಟಾ ವಿಮಾನ ನಿಲ್ದಾಣ ಇಲ್ಲಿಂದ ಮೂರು ಮೈಲಿಯ ಆಸುಪಾಸಿನಲ್ಲಿದೆ. 11,000 ಅಡಿಯ ಎರಡು ರನ್‌ವೇಗಳು ಒಂದರ ಪಕ್ಕ ಒಂದು ಮಲಗಿವೆ. ಅವುಗಳ ವಾಯವ್ಯದ ತುದಿಯಿಂದ ನೇರ ಗೆರೆ ಎಳೆದರೆ ಅದು ಬಂದು ತಾಕುವುದು ಬಹುಮಟ್ಟಿಗೆ ಈ ಉದ್ಯಾನದ ಕಡೆಗೇ. ವರ್ಷದ ಹೆಚ್ಚಿನ ದಿನ ಕೊಲ್ಲಿಯ ಕಡೆಯಿಂದ ಗಾಳಿ ಬೀಸುತ್ತದೆ. ವಿಮಾನಗಳು ಗಾಳಿಗೆ ಎದುರಾಗಿ ಏಳಬೇಕು, ಹಾಗಾಗಿ ಈ ಕಡೆಗೇ ಮುಖ ಮಾಡಿ ಏಳುತ್ತವೆ. ಚಳಿಗಾಲದ ಮಳೆಗಾಳಿ ದಕ್ಷಿಣದಿಂದ ಬಂದಾಗ ಕ್ರಮ ತಿರುಗುಮುರುಗಾಗಿ ಇದೇ ದಾರಿಯಲ್ಲಿ ಇಳಿಯತೊಡಗುತ್ತವೆ. ಅಂತೂ ಏಳುವುದೋ ಇಳಿಯುವುದೋ, ಒಂದಲ್ಲ ಒಂದು ಈ ಬಯಲಿನ ಮೇಲೆ ನಡೆದೇ ಇರುತ್ತದೆ. ಮ್ಯಾರಿಯಟ್ ಹೋಟೆಲ್ ಕಂಪನಿ 1976ರಲ್ಲಿ ಉದ್ಯಾನ ತೆರೆದಾಗಲೇ ತಲೆಯ ಮೇಲೆ ವಿಮಾನಗಳಿದ್ದವು.

ಬರಿಗಣ್ಣಿಗೆ ಈ ಆಕಾಶ ಖಾಲಿ. ಕ್ಯಾಲಿಫೋರ್ನಿಯಾದ ಜೂನ್ ತಿಂಗಳ ನೀಲಿ, ಒಂದು ತುಂಡು ಮೋಡವಿಲ್ಲ. ಆದರೆ ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆಯಾದ ಎಫ್‌ಎಎಯ ನಿಯಮಪುಸ್ತಕದ 77ನೆಯ ಭಾಗ ಓದಿದವರಿಗೆ ಇಲ್ಲಿ ತುಂಬ ಗೋಡೆ, ಚಾವಣಿ, ಇಳಿಜಾರುಗಳು ಕಾಣುತ್ತವೆ. ದೊಡ್ಡ ವಿಮಾನ ನಿಲ್ದಾಣವೊಂದರ ನೆಲಮಟ್ಟದಿಂದ 150 ಅಡಿ ಮೇಲೆ ಒಂದು ಸಪಾಟು ಚಾವಣಿ, ರನ್‌ವೇ ತುದಿಗಳಿಂದ 10,000 ಅಡಿಯವರೆಗೆ ಹರಡಿಕೊಂಡದ್ದು. ಅದರ ಅಂಚಿನಿಂದ ಸುತ್ತಲೂ 20 ಅಡಿ ದೂರಕ್ಕೆ ಒಂದಡಿಯಂತೆ ಏರುವ ಗೋಡೆ, ಮತ್ತೆ 4,000 ಅಡಿ. ಒಟ್ಟು ಆಕಾರ ಅಗಲಬಾಯಿಯ ಬೋಗುಣಿಯದು. ರನ್‌ವೇಯ ಎರಡು ತುದಿಗಳ ಕಡೆ ಮಾತ್ರ ಆ ಬೋಗುಣಿಯನ್ನು ಸೀಳಿಕೊಂಡು ಉದ್ದನೆಯ ಇಳಿಜಾರು ಹಾದುಹೋಗುತ್ತದೆ. ಉಪಕರಣಗಳನ್ನು ನಂಬಿ ಕರಾರುವಾಕ್ಕಾಗಿ ಇಳಿಯುವ ರನ್‌ವೇಯಾದರೆ ಮೊದಲ 10,000 ಅಡಿಯಲ್ಲಿ ಈ ಇಳಿಜಾರು 50ಕ್ಕೆ ಒಂದರಂತೆ ಏರಿ 200 ಅಡಿ ಮುಟ್ಟುತ್ತದೆ, ಅಲ್ಲಿಂದ ಮುಂದಿನ 40,000 ಅಡಿ 40ಕ್ಕೆ ಒಂದರಂತೆ. ಇದರಲ್ಲಿ ಇಟ್ಟಿಗೆಯಿಲ್ಲ, ತಂತಿಯಿಲ್ಲ. ಎಲ್ಲವೂ ಕಾಗದದ ಮೇಲಿನ ಲೆಕ್ಕ. ಅದನ್ನು ತೂರಿಕೊಂಡು ಏನಾದರೂ ಎದ್ದರೆ ಅದರ ಹೆಸರು ಕಟ್ಟಡ ಎಂದಾಗಲಿ ಆಟದ ಸಾಮಾನು ಎಂದಾಗಲಿ ಉಳಿಯುವುದಿಲ್ಲ. ಅಡಚಣೆ ಎಂದಾಗುತ್ತದೆ.

ಅಡಚಣೆಯಾಗುವ ಮೊದಲೇ ಅರ್ಜಿ ಹಾಕಬೇಕು. ದೇಶದ ಯಾವ ಮೂಲೆಯಲ್ಲೇ ಆಗಲಿ, ನೆಲದಿಂದ 200 ಅಡಿ ಮೀರುವ ಏನನ್ನೇ ಕಟ್ಟುವುದಿದ್ದರೂ 45 ದಿನ ಮುಂಚೆ 7460-1 ಎಂಬ ನಮೂನೆ ತುಂಬಿ ಎಫ್‌ಎಎಗೆ ತಿಳಿಸಬೇಕು. ದೊಡ್ಡ ರನ್‌ವೇಯಿಂದ 20,000 ಅಡಿಯ ಒಳಗಿದ್ದರೆ ಲೆಕ್ಕ ಇನ್ನೂ ಬಿಗಿ. 100 ಅಡಿ ದೂರಕ್ಕೆ ಒಂದಡಿ ಎತ್ತರ. ಎಂದರೆ 10,000 ಅಡಿ ದೂರದಲ್ಲಿ ನೂರಡಿ ದಾಟುವುದಾದರೂ ತಿಳಿಸಲೇಬೇಕು. ಕಟ್ಟುವ ಕ್ರೇನಿಗೂ ಇದೇ ಕಟ್ಟಳೆ. ರೈಡಿನ ಕೊನೆಯ ತುಂಡನ್ನು ಎತ್ತಿ ಕೂರಿಸುವ ಕ್ರೇನಿನ ಕೈ ರೈಡಿಗಿಂತ ಎತ್ತರಕ್ಕೆ ಚಾಚಲೇಬೇಕಲ್ಲ. ಹಾಗಾಗಿ ಕೋಸ್ಟರ್ ಗೆರೆಯ ಕೆಳಗೇ ಉಳಿದರೂ ಅದನ್ನು ಕಟ್ಟುವ ಯಂತ್ರ ಗೆರೆ ದಾಟುವ ಪ್ರಸಂಗ ಬರುತ್ತದೆ. ಆ ಕೆಲವು ವಾರಗಳಿಗೆ ಬೇರೆ ಅರ್ಜಿ.

ಇನ್ನೊಂದು ಸ್ವಾರಸ್ಯ. ಎಫ್‌ಎಎಗೆ ಕಟ್ಟಬೇಡ ಎನ್ನುವ ಅಧಿಕಾರವಿಲ್ಲ. ಅಪಾಯವಿದೆ ಅಥವಾ ಇಲ್ಲ ಎಂದು ಹೇಳುವುದಷ್ಟೇ ಅದರ ಕೆಲಸ. ಆದರೆ ಅಪಾಯ ಎಂದು ಬರೆದ ಕಾಗದ ಕೈಗೆ ಬಂದ ಮೇಲೆ ಯಾವ ನಗರಸಭೆ ಪರವಾನಗಿ ಕೊಟ್ಟೀತು, ಯಾವ ವಿಮಾ ಕಂಪನಿ ಸಹಿ ಹಾಕೀತು? ಬೇಡ ಎನ್ನದೆಯೇ ಬೇಡ ಎನಿಸುವ ವಿದ್ಯೆ ಸರ್ಕಾರಿ ಕಚೇರಿಗಳಿಗೆ ಎಲ್ಲ ದೇಶದಲ್ಲೂ ಸಿದ್ಧಿಸಿದೆ.

ಗೋಲ್ಡ್ ಸ್ಟ್ರೈಕರ್ ಬಿಟ್ಟು ಡ್ರಾಪ್ ಟವರ್ ಕಡೆ ನಡೆದರೆ ಈ ಉದ್ಯಾನದಲ್ಲೇ 200 ಅಡಿಯ ಗೆರೆ ದಾಟಿದವನ ದರ್ಶನವಾಗುತ್ತದೆ. 1996ರಲ್ಲಿ ನೆಟ್ಟ ಈ ಕಂಬ 224 ಅಡಿ. ಕಾಲು ಇಳಿಬಿಟ್ಟು ಕುಳಿತವರನ್ನು ನಿಧಾನವಾಗಿ ಮೇಲೊಯ್ದು ಒಂದು ಗಳಿಗೆ ಅಲ್ಲೇ ನಿಲ್ಲಿಸುತ್ತದೆ. ಆ ಗಳಿಗೆಯಲ್ಲಿ ಅವರಿಗೆ ಲೆವೈಸ್ ಕ್ರೀಡಾಂಗಣದ ಖಾಲಿ ಕುರ್ಚಿಗಳು ಕಾಣುತ್ತವೆ, ಕೊಲ್ಲಿಯ ಉಪ್ಪಿನ ಮಡಿಗಳ ಹೊಳಪು ಕಾಣುತ್ತದೆ, ಆಗ್ನೇಯಕ್ಕೆ ತಿರುಗಿದವರಿಗೆ ಬೂದುಬಣ್ಣದ ರನ್‌ವೇಯೂ ಕಾಣಬಹುದು. ನೋಡಿ ಮುಗಿಯುವ ಮೊದಲೇ ಕಬ್ಬಿಣದ ಕೊಕ್ಕೆ ಕಳಚಿಕೊಂಡು ಎಲ್ಲರೂ ಒಟ್ಟಿಗೆ ಕೆಳಗೆ. ಕೆಳಗೆ ನಿಂತು ಚೀಲ ಕಾಯುತ್ತಿರುವ ಅಜ್ಜಿಯೊಬ್ಬರು “ರಾಮ ರಾಮ” ಎಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಬಿದ್ದ ಹುಡುಗಿ ನಗುತ್ತ ಎದ್ದು ಬಂದು “ಇನ್ನೊಂದ್ಸಲ ಹೋಗ್ಲಾ ಅಜ್ಜಿ?” ಎನ್ನುತ್ತಾಳೆ.

ಈ 200 ಅಡಿಯ ಗೆರೆ ವಿಮಾನ ನಿಲ್ದಾಣದ ನೆರೆಹೊರೆಯಲ್ಲಿ ಇಲ್ಲದವರನ್ನೂ ಬಿಟ್ಟಿಲ್ಲ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಟವರ್ ಆಫ್ ಟೆರರ್ ಎಂಬ ಭೂತದ ಹೋಟೆಲಿದೆ, ಎತ್ತರ 199 ಅಡಿ. ಅಲ್ಲೇ 2006ರಲ್ಲಿ ಎವರೆಸ್ಟ್ ಪರ್ವತ ಕಟ್ಟಿದರು, ಒಳಗೆ ಕೋಸ್ಟರ್ ಓಡುವ ಸಿಮೆಂಟಿನ ಹಿಮಾಲಯ. ಅದೂ 200 ಅಡಿಗೆ ಕೂದಲೆಳೆ ಕಮ್ಮಿ. ದುಡ್ಡಿಲ್ಲದೆ ನಿಲ್ಲಿಸಿದ್ದಲ್ಲ. 200 ದಾಟಿದರೆ ನೆತ್ತಿಯ ಮೇಲೆ ವಿಮಾನಗಳಿಗಾಗಿ ಮಿನುಗುವ ದೀಪ ಇಡಬೇಕಾದೀತು ಎಂಬ ಲೆಕ್ಕ. ಯತಿಗಳ ನಾಡಿನ ಹಿಮಶಿಖರದ ಮೇಲೆ ಕೆಂಪು ದೀಪ ಮಿಣಕ್ ಮಿಣಕ್ ಎಂದರೆ ಮಾಯೆಯೆಲ್ಲ ಕರಗಿತು. ಲೋಕದ ಅತಿ ಎತ್ತರದ ಪರ್ವತ ಫ್ಲಾರಿಡಾದಲ್ಲಿ ಒಂದು ಬಲ್ಬಿಗೆ ಹೆದರಿ ತಲೆ ತಗ್ಗಿಸಿ ನಿಂತಿದೆ.

ದೂರವಿದ್ದವರ ಪಾಡು ಬೇರೆ. ಉತ್ತರ ಕೆರೊಲಿನಾದ ಶಾರ್ಲೆಟ್‌ನಲ್ಲೂ ದೊಡ್ಡ ವಿಮಾನ ನಿಲ್ದಾಣವಿದೆ, ಅದಕ್ಕೆ ನೇರ ದಕ್ಷಿಣದಲ್ಲಿ ಕ್ಯಾರೋವಿಂಡ್ಸ್ ಎಂಬ ಉದ್ಯಾನವಿದೆ. ನಡುವೆ ಏಳೆಂಟು ಮೈಲಿ. ಅಲ್ಲಿ 2015ರಲ್ಲಿ ಎದ್ದ ಫ್ಯೂರಿ ಕೋಸ್ಟರಿನ ಎತ್ತರ 325 ಅಡಿ. ಆಗ ಸಾಂಟಾ ಕ್ಲಾರಾದ ಉದ್ಯಾನವನ್ನೂ ಅದನ್ನೂ ನಡೆಸುತ್ತಿದ್ದದ್ದು ಒಂದೇ ಕಂಪನಿ, ಸೀಡರ್ ಫೇರ್. ಓಹಾಯೋದಲ್ಲಿ ಈರಿ ಸರೋವರಕ್ಕೆ ಚಾಚಿಕೊಂಡ ನಾಲಗೆಯ ಮೇಲೆ ಅದೇ ಕಂಪನಿ 2000ದಲ್ಲಿ 310 ಅಡಿ, 2003ರಲ್ಲಿ 420 ಅಡಿ ಏರಿತ್ತು. 2005ರಲ್ಲಿ ನ್ಯೂಜೆರ್ಸಿಯ ಕಿಂಗ್ಡಾ ಕಾ 456 ಅಡಿಗೆ ಹೋಗಿ ಎಲ್ಲರನ್ನೂ ಹಿಂದಿಕ್ಕಿತು. 2025ರ ಫೆಬ್ರುವರಿಯಲ್ಲಿ ಅದನ್ನು ಸಿಡಿಮದ್ದಿಟ್ಟು ಉರುಳಿಸಿದರು. ಕಬ್ಬಿಣ ಎಲ್ಲೆಡೆ ಒಂದೇ, ಎಂಜಿನಿಯರಿಂಗ್ ಒಂದೇ. ಆಕಾಶದ ಬಾಡಿಗೆ ಮಾತ್ರ ಊರಿಂದ ಊರಿಗೆ ಬೇರೆ.

ಮೇಲೆ ಹೋಗಲು ಬಿಡದಿದ್ದರೆ ಕೋಸ್ಟರ್ ಕಟ್ಟುವವನು ಏನು ಮಾಡುತ್ತಾನೆ? ಮೊದಲು ಗಣಿತದ ಕಡೆ ತಿರುಗುತ್ತಾನೆ. ಗಣಿತ ಅವನ ಪರವಾಗಿಯೇ ಇದೆ. ನೂರಡಿಯಿಂದ ಬಿದ್ದ ಗಾಡಿ, ಉಜ್ಜಾಟದ ನಷ್ಟ ಬಿಟ್ಟರೆ, ಗಂಟೆಗೆ ಸುಮಾರು 55 ಮೈಲಿ ವೇಗ ಪಡೆಯುತ್ತದೆ. ಆ ವೇಗ ಎರಡರಷ್ಟಾಗಬೇಕಾದರೆ ಎತ್ತರ ಎರಡರಷ್ಟಾದರೆ ಸಾಲದು, ನಾಲ್ಕರಷ್ಟಾಗಬೇಕು. ಎಂದರೆ 400 ಅಡಿ. ಮೊದಲ ನೂರಡಿ ಕೊಡುವಷ್ಟನ್ನು ಆಮೇಲಿನ ಮುನ್ನೂರು ಅಡಿ ಸೇರಿ ಕೊಡುತ್ತವೆ. ಮೇಲುಮೇಲಕ್ಕೆ ಹೋದಂತೆಲ್ಲ ಕಬ್ಬಿಣ ಹೆಚ್ಚು, ಫಲ ಕಡಿಮೆ. ಅಲ್ಲದೆ ಮೈಗೆ ತಿಳಿಯುವುದು ವೇಗವಲ್ಲ, ವೇಗದ ಬದಲಾವಣೆ. ವಿಮಾನದಲ್ಲಿ ಗಂಟೆಗೆ ಐನೂರು ಮೈಲಿ ಹೋಗುತ್ತಿರುವವನು ಕಾಫಿ ಹೀರುತ್ತಾನೆ. ಇಲ್ಲಿ ಐವತ್ತಮೂರು ಮೈಲಿಗೆ ಕನ್ನಡಕ ಹಿಡಿದುಕೊಳ್ಳುತ್ತಾನೆ.

ಅದಕ್ಕೇ ಗೋಲ್ಡ್ ಸ್ಟ್ರೈಕರ್ ಇರುವಂತಿದೆ. ಗಾಡಿ ಮರದ ಏಣಿ ಹತ್ತುವಾಗ ಸರಪಳಿ ಕಟಕಟ ಎನ್ನುತ್ತದೆ. ತುದಿಯಲ್ಲಿ ಬಯಲು ನೋಡುವಷ್ಟು ಪುರುಸೊತ್ತು ಕೊಡದೆ ಕತ್ತಲ ಸುರಂಗದೊಳಕ್ಕೆ ಬೀಳಿಸುತ್ತದೆ. ನೆಲ ಎಲ್ಲಿದೆ ಎಂದು ಕಾಣದವನಿಗೆ ನೂರಡಿಯೂ ಒಂದೇ, ಪಾತಾಳವೂ ಒಂದೇ. ಸುರಂಗ ಹೊಟ್ಟೆಯೊಳಗಿನ ಕಿರುಚಾಟವನ್ನೂ ಹಿಡಿದಿಡುತ್ತದೆ, ಪಕ್ಕದಲ್ಲೇ ಕಚೇರಿಗಳಿರುವ ಊರಿನಲ್ಲಿ ಅದಕ್ಕೂ ಬೆಲೆಯಿದೆ. ಸದ್ದಿನ ತಕರಾರು ಬಂದದ್ದರಿಂದ ಹಳಿಯ ಬೇರೆ ಕಡೆಗಳಿಗೂ ಮುಸುಕು ಹಾಕಿದ್ದಾರೆ. ಆಮೇಲೆ ಗಾಡಿ ನೆಲಕ್ಕೆ ಅಂಟಿಕೊಂಡೇ ಓಡುತ್ತದೆ. ತನ್ನದೇ ತೊಲೆಗಳ ನಡುವೆ ನುಸುಳಿ, ಹಳೆಯ ಸ್ಟಾರ್ ಟವರಿನ ಬುಡ ಸುತ್ತಿ, ತಲೆಗೆ ಬಡಿಯಿತೇ ಬಡಿಯಿತು ಎನ್ನುವಷ್ಟು ಹತ್ತಿರ ಅಡ್ಡಪಟ್ಟಿಗಳನ್ನು ದಾಟಿಸುತ್ತದೆ. ಕೈ ಮೇಲೆತ್ತಿದ್ದ ಹುಡುಗರು ತಾವಾಗಿ ಇಳಿಸಿಕೊಳ್ಳುತ್ತಾರೆ.

ರೈಲ್‌ಬ್ಲೇಜರಿನದು ಇನ್ನೊಂದು ಉಪಾಯ. ಇದಕ್ಕೆ ಎರಡು ಹಳಿಗಳಿಲ್ಲ, ಒಂದೇ ತೊಲೆ. ಕುಳಿತವರು ಒಬ್ಬರ ಹಿಂದೆ ಒಬ್ಬರು, ತೊಲೆಯ ಎರಡೂ ಕಡೆ ಕಾಲು ಹಾಕಿ. ಪಕ್ಕದಲ್ಲಿ ಕೈ ಹಿಡಿಯಲು ಗೆಳತಿಯಿಲ್ಲ, ಕಾಲಡಿ ನೆಲಹಾಸಿಲ್ಲ. ಮೊದಲ ಇಳಿತವೇ ಲಂಬ. ಫ್ಲೈಟ್ ಡೆಕ್‌ನಲ್ಲಿ ಹಳಿ ತಲೆಯ ಮೇಲಿದ್ದು ಕಾಲುಗಳು ಗಾಳಿಯಲ್ಲಿ ತೂಗುತ್ತವೆ, ಕೊನೆಯ ಸುತ್ತು ನೀರಿನ ಮೇಲೆ. ಎತ್ತರದಲ್ಲಿ ಉಳಿತಾಯ ಮಾಡಿದ್ದನ್ನು ಹತ್ತಿರದಲ್ಲಿ, ಕತ್ತಲಲ್ಲಿ, ಒಂಟಿತನದಲ್ಲಿ ಖರ್ಚು ಮಾಡಿದ್ದಾರೆ. ಇಂಗ್ಲೆಂಡಿನ ಆಲ್ಟನ್ ಟವರ್ಸ್ ಎಂಬ ಉದ್ಯಾನದವರಿಗೆ ಅಡ್ಡ ಬಂದದ್ದು ವಿಮಾನವಲ್ಲ, ಮರಗಳ ನೆತ್ತಿ ಮೀರಬಾರದು ಎಂಬ ಕಟ್ಟಳೆ. ಅವರು 1994ರಲ್ಲಿ ಬಂಡೆ ಸಿಡಿಸಿ, ಕಂದಕ ತೋಡಿ, ನೆಮೆಸಿಸ್ ಎಂಬ ಕೋಸ್ಟರನ್ನು ಅದರೊಳಗೆ ಇಳಿಸಿದರು. ಜನ ಇವತ್ತಿಗೂ ಅದರ ಹೆಸರು ಹೇಳುತ್ತಾರೆ.

ಮಧ್ಯಾಹ್ನ ಇಳಿಯುತ್ತದೆ. ಅಮ್ಮಂದಿರು ನೆರಳು ಹುಡುಕಿ ಡಬ್ಬಿ ತೆರೆಯದೆ, ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು ಗೊಣಗುತ್ತ, ದುಬಾರಿ ಫ್ರೆಂಚ್ ಫ್ರೈಸ್ ಹಂಚುತ್ತಾರೆ. ಮೇಲೆ ವಿಮಾನಗಳು ಬರುತ್ತಲೇ ಇವೆ. ಹುಲ್ಲಿನ ಮೇಲೆ ಅಂಗಾತ ಮಲಗಿ ಲೆಕ್ಕ ಹಾಕಿದರೆ ಯಾರಿಗಾದರೂ ಅನಿಸುತ್ತದೆ: ಅವು ಎಷ್ಟು ಮೇಲಿವೆ! ಡ್ರಾಪ್ ಟವರಿನ ತುದಿಗೂ ಆ ಹೊಟ್ಟೆಗೂ ನಡುವೆ ಸಾವಿರಾರು ಅಡಿ ಇರಬೇಕು. ಇನ್ನೊಂದು ನೂರಡಿ ಕೊಟ್ಟಿದ್ದರೆ ಯಾರ ಗಂಟೇನು ಹೋಗುತ್ತಿತ್ತು?

ಹೋಗುತ್ತಿತ್ತು. ನಮ್ಮ ಕಣ್ಣಿಗೆ ಬೀಳುತ್ತಿರುವ ಈ ವಿಮಾನಕ್ಕಾಗಿ ಆ ಜಾಗ ಬಿಟ್ಟದ್ದೇ ಅಲ್ಲ. ಏಳುವ ಗಳಿಗೆಯಲ್ಲಿ ಒಂದು ಎಂಜಿನ್ ಸತ್ತು, ಉಳಿದ ಒಂದರ ಮೇಲೆ, ತುಂಬಿದ ಇಂಧನ ಹೊತ್ತು, ತೆವಳುತ್ತ ಏರುವ ವಿಮಾನಕ್ಕಾಗಿ ಅದನ್ನು ಕಾದಿರಿಸಿದ್ದು. ಅಮೆರಿಕದ ಪ್ರತಿಯೊಂದು ಏರ್‌ಲೈನ್ ಪ್ರತಿ ಬಾರಿ ಏಳುವ ಮೊದಲೂ ಆ ಕೆಟ್ಟ ದಿನದ ಲೆಕ್ಕ ಹಾಕಿಕೊಂಡೇ ಹೊರಡಬೇಕು. ಒಂದು ಎಂಜಿನ್ನಿನಲ್ಲೂ ದಾರಿಯ ಅಡಚಣೆಗಳನ್ನು ಕನಿಷ್ಠ 35 ಅಡಿ ಮೇಲಿನಿಂದ ದಾಟುವಂತಿರಬೇಕು. ಅಡಚಣೆ ಎತ್ತರವಾದಷ್ಟೂ ವಿಮಾನ ಹಗುರವಾಗಬೇಕು. ಎಂದರೆ ಕೆಲವು ಸೀಟು ಖಾಲಿ ಬಿಡಬೇಕು, ಅಥವಾ ಸರಕು ಇಳಿಸಬೇಕು. ಸೆಕೆಯ ದಿನ ಗಾಳಿ ತೆಳುವಾಗಿ ಏರುವ ಕಸುವೂ ಕುಗ್ಗುವುದರಿಂದ ಈ ಲೆಕ್ಕ ಇನ್ನಷ್ಟು ಕಟ್ಟುನಿಟ್ಟು.

ರನ್‌ವೇಯ ಆ ತುದಿಯಲ್ಲಿರುವ ಸ್ಯಾನ್ ಹೋಸೆ ನಗರದ ನಡುಪೇಟೆ ಇದೇ ಲೆಕ್ಕದಡಿ ಬೆಳೆದದ್ದು. ಹತ್ತು ಲಕ್ಷ ಜನರ ಆಸುಪಾಸಿನ ನಗರ, ಲೋಕದ ಸಿರಿವಂತ ಕಂಪನಿಗಳ ನೆರೆ, ಆದರೂ ಮುನ್ನೂರು ಅಡಿ ದಾಟಿದ ಕಟ್ಟಡವನ್ನು ಅಲ್ಲಿ ಹುಡುಕಿದರೂ ಸಿಕ್ಕದು. 2019ರಲ್ಲಿ ನಗರಸಭೆ ಒಂದು ಎಂಜಿನ್ನಿನ ಈ ಲೆಕ್ಕವನ್ನೇ ಮತ್ತೆ ಮೇಜಿನ ಮೇಲಿಟ್ಟು ಚರ್ಚಿಸಿ, ಕಟ್ಟಡಗಳಿಗೆ ಇನ್ನಷ್ಟು ಅಡಿ ಬಿಟ್ಟುಕೊಟ್ಟಿತು. ಬಿಲ್ಡರುಗಳು ಗೆದ್ದೆವೆಂದರು, ದೂರದ ವಿಮಾನಗಳಿಗೆ ತೊಂದರೆಯಾದೀತೆಂದು ಇನ್ನು ಕೆಲವರು ತಕರಾರೆತ್ತಿದರು.

ಈ ಜಗಳ ಬೆಂಗಳೂರಿನವರಿಗೆ ಹೊಸದಲ್ಲ. ಎಚ್‌ಎಎಲ್ ನಿಲ್ದಾಣದ ಸುತ್ತ ಫ್ಲ್ಯಾಟ್ ಕೊಳ್ಳಹೋದವರು ಕಟ್ಟಡದ ಎತ್ತರಕ್ಕೆ ಬೇಕಾದ ಎನ್‌ಒಸಿ ಎಂಬ ಮಾತನ್ನು ಕೇಳಿಯೇ ಇರುತ್ತಾರೆ. 2015ರ ನಿಯಮಗಳ ಪ್ರಕಾರ ನಿಲ್ದಾಣದ ಸುತ್ತಲಿನ ಊರನ್ನು ಬಣ್ಣದ ಚೌಕಗಳಾಗಿ ಹಂಚಿ, ಯಾವ ಚೌಕದಲ್ಲಿ ಎಷ್ಟು ಎತ್ತರ ಎಂದು ನಕ್ಷೆ ಮಾಡಿದ್ದಾರೆ. ಜಕ್ಕೂರಿನಲ್ಲಿ ಆದದ್ದು ತಿರುಗುಮುರುಗು. ಬಳ್ಳಾರಿ ರಸ್ತೆಯ ಮೇಲುಸೇತುವೆ ಮೊದಲೆದ್ದಿತು, ಅದಕ್ಕಾಗಿ ರನ್‌ವೇಯೇ ಬಳಕೆಯಲ್ಲಿ ಕುಗ್ಗಿತು, ತರಬೇತಿ ಶಾಲೆಯ ಪುಟ್ಟ ವಿಮಾನಗಳು ಕೆಲಕಾಲ ನೆಲ ಹಿಡಿದು ಕೂತವು. ದೊಡ್ಡ ವಿಮಾನ ನಿಲ್ದಾಣಕ್ಕೆ ಹೋಗುವವರ ಕಾರು ಬೇಗ ಮುಟ್ಟಲೆಂದು ಚಿಕ್ಕ ವಿಮಾನ ನಿಲ್ದಾಣ ದಾರಿ ಬಿಟ್ಟಿತು.

ಸಾಂಟಾ ಕ್ಲಾರಾದಲ್ಲಿ ಸಂಜೆಯಾಗಿದೆ. ಕೊಲಂಬಿಯಾದ ಬಲ್ಬುಗಳು ಹೊತ್ತಿಕೊಂಡು ಕೊಳದಲ್ಲಿ ಇನ್ನೊಂದು ಕುದುರೆಸುತ್ತು ತಿರುಗತೊಡಗಿದೆ. ಸ್ವೆಟರಿನ ತಾತ ಕೋಸ್ಟರ್ ಹತ್ತಿ ಬಂದಿದ್ದಾರೆ. ಕೆದರಿದ ಕೂದಲು ಸವರಿಕೊಳ್ಳುತ್ತ ಮಗಳಿಗೆ ಹೇಳುತ್ತಿದ್ದಾರೆ, “ಸಾಕಮ್ಮ, ನೂರೆಂಟೇ ಸಾಕು. ಇನ್ನೂರಿದ್ದಿದ್ದರೆ ನನ್ನ ಪಾಸ್‌ಪೋರ್ಟ್ ಇಲ್ಲೇ ಉಳೀತಿತ್ತು.” ಅವರ ನೆತ್ತಿಯ ಮೇಲೆ ಇನ್ನೊಂದು ವಿಮಾನ. ಕಿಟಕಿಗಳಲ್ಲಿ ಹಳದಿ ಬೆಳಕು. ಒಳಗಿರುವವರು ಕಿರುಚುತ್ತಿಲ್ಲ, ಕಿರುಚುವ ಪ್ರಸಂಗ ಬರಬಾರದೆಂದೇ ಇಷ್ಟೆಲ್ಲ ಗೆರೆ. ಕೆಳಗಿನವರು ದುಡ್ಡು ಕೊಟ್ಟು ಸುಳ್ಳು ಭಯ ಕೊಳ್ಳುತ್ತಾರೆ, ಅದರ ಮೇಲ್ಮಿತಿ ನಿಂತಿರುವುದು ಮೇಲಿನವರ ನಿಜವಾದ ಭಯಕ್ಕೆ ಬೇಕಾದ ಜಾಗ ಬಿಟ್ಟ ಮೇಲೆ.

ಉದ್ಯಾನವೇ ಎಷ್ಟು ದಿನ ಎಂಬುದು ಈಗಿನ ಮಾತು. ಮ್ಯಾರಿಯಟ್ ಕಂಪನಿಯಿಂದ 1985ರಲ್ಲಿ ಸಾಂಟಾ ಕ್ಲಾರಾ ನಗರ ಇದನ್ನು ಕೊಂಡಿತು. 2019ರಲ್ಲಿ ನಗರ ಈ ನೆಲವನ್ನು ಸೀಡರ್ ಫೇರ್‌ಗೆ ಮಾರಿತು. 2022ರಲ್ಲಿ ಸೀಡರ್ ಫೇರ್ ಗೋದಾಮುಗಳ ದೊಡ್ಡ ಕಂಪನಿಯಾದ ಪ್ರೊಲಾಜಿಸ್‌ಗೆ ಸುಮಾರು 31 ಕೋಟಿ ಡಾಲರಿಗೆ ಮಾರಿ, ಆರು ವರ್ಷದ ಭೋಗ್ಯಕ್ಕೆ, ಬೇಕಾದರೆ ಇನ್ನೈದು ವರ್ಷ ಮುಂದುವರಿಸುವ ಕರಾರಿಗೆ, ಇಲ್ಲೇ ಬಾಡಿಗೆದಾರನಾಗಿ ಉಳಿಯಿತು. ಕೋಸ್ಟರ್‌ಗಳನ್ನು ಬಿಚ್ಚಿ ಬೇರೆಡೆ ಸಾಗಿಸಬಹುದು. ಸ್ಟೆಲ್ತ್ ಎಂಬ ಒಂದು ಕೋಸ್ಟರ್ ಹಿಂದೆ ಹಾಗೆಯೇ ಇಲ್ಲಿಂದ ಕ್ಯಾರೋವಿಂಡ್ಸಿಗೆ ಹೋಗಿದೆ. ಸುಮಾರು ಐವತ್ತು ವರ್ಷದಲ್ಲಿ ನೆಲ ಮೂರು ಬಾರಿ ಕೈ ಬದಲಾಯಿಸಿತು. ಯಾವ ಕ್ರಯಪತ್ರದಲ್ಲೂ ಅದರ ಮೇಲಿನ ಆಕಾಶ ಮಾರಾಟಕ್ಕೆ ಬಂದಿಲ್ಲ. ಮುಂದೆ ಇಲ್ಲಿ ಗೋದಾಮು ಏಳಲಿ, ಕಚೇರಿ ಏಳಲಿ, ಅದನ್ನು ಕಟ್ಟುವ ಕ್ರೇನಿನವನು 7460-1 ನಮೂನೆಯಲ್ಲಿ ತನ್ನ ಎತ್ತರ ಬರೆದುಕೊಡಬೇಕಾದೀತು.